ಕಾರಿನ ಮೇಲೆ ಹಾರಿ ಬಿದ್ದ ಬಣ್ಣ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಕಾರುಗಳ ಪೇಂಟಿಂಗ್ ಮತ್ತು ಪಾಲಿಶ್ ಕೆಲಸ ಮಾಡುತ್ತೇನೆ. ದಸರಾ ಹತ್ತಿರ ಬಂತೆಂದರೆ ಊರ ತುಂಬ ಮನೆಗಳಿಗೆ ಸುಣ್ಣ-ಬಣ್ಣ ಶುರು. ವಿದ್ಯಾನಗರ, ಕೇಶ್ವಾಪುರ, ನವನಗರ, ಅತ್ತ ಧಾರವಾಡದ ಸಪ್ತಾಪುರ, ಎಲ್ಲಿ ನೋಡಿದರೂ ಗೋಡೆಗೆ ಬಣ್ಣ, ಗೇಟಿಗೆ ಬಣ್ಣ. ಮರುದಿನದಿಂದ ನನಗೆ ಫೋನು: "ಕಾರಿನ ಮ್ಯಾಲೆ ಬಣ್ಣ ಹಾರೇತಿ, ಏನ್ ಮಾಡ್ಲಿ?" ಗದಗ, ಹಾವೇರಿಯಿಂದಲೂ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಥಿನ್ನರ್ ಡಬ್ಬಿಗೆ ಕೈ ಹಾಕುವ ಮೊದಲು ಓದಿ ಎಂಬುದೊಂದೇ ನನ್ನ ಕೋರಿಕೆ.

## ಮೊದಲು ಗೊತ್ತಿರಬೇಕಾದದ್ದು

ಕಾರ್ ತೊಳದ್ರೂ ಕೈಗೆ ಉಸುಕು ಹತ್ತಿದಂಗ ಆಗತೈತ್ರಿ. ಇದು ಬಣ್ಣಾನೋ, ಧೂಳೋ?

ತೊಳೆದು ಒರೆಸಿದ ಕಾರಿನ ಬಾನೆಟ್ ಮೇಲೆ ಬರಿಗೈ ಆಡಿಸಿದರೆ ಎಷ್ಟೋ ಸಲ ಏನೂ ತಿಳಿಯುವುದಿಲ್ಲ. ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮೆಲ್ಲಗೆ ಸವರಿ ನೋಡಿ. ಬೆರಳಿಗೆ ಸಿಗದ ಸಣ್ಣ ಚುಕ್ಕಿಗಳೂ ಆಗ ರವೆಯಂತೆ ಸಿಗುತ್ತವೆ. ಚೀಲ ಸರ್ ಎಂದು ಜಾರಿದರೆ ಮೈ ಶುದ್ಧ ಇದೆ ಅಂತ ಅರ್ಥ. ಕರಕರ ಎಂದರೆ ಏನೋ ಅಂಟಿದೆ.

ಅದು ಬಣ್ಣವೇ ಎಂದು ತಿಳಿಯಲು ಕಾರಿನ ಪಕ್ಕ ಕೂತು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಹಾರಿ ಬಂದ ಬಣ್ಣ ಸಾಮಾನ್ಯವಾಗಿ ಒಂದು ಕಡೆಗೇ ಜಾಸ್ತಿ ಇರುತ್ತದೆ, ಗಾಳಿ ಬಂದ ಕಡೆಗೆ. ಗ್ಲಾಸ್ ಮೇಲೂ ಅದೇ ಚುಕ್ಕಿ ಕಾಣುತ್ತದೆ. ಚುಕ್ಕಿ ಕಿತ್ತಳೆ-ಕಂದು ಬಣ್ಣದ್ದಾಗಿ, ನಡುವೆ ಸೂಜಿ ಮೊನೆಯಷ್ಟು ಕಪ್ಪು ಇದ್ದರೆ ಅದು ಬಣ್ಣವಲ್ಲ, ಕಬ್ಬಿಣದ ಕಣ. ರೈಲ್ವೆ ಹಳಿ ಪಕ್ಕ ದಿನವೂ ನಿಲ್ಲುವ ಕಾರುಗಳಲ್ಲಿ, ವೆಲ್ಡಿಂಗ್ ಅಂಗಡಿ ಹತ್ತಿರದ ಕಾರುಗಳಲ್ಲಿ ಇದು ತುಂಬ. ಅದಕ್ಕೆ ಐರನ್ ರಿಮೂವರ್ ಎಂಬ ಬೇರೆ ದ್ರಾವಣವಿದೆ. ಹಾಕಿದ ಕೆಲವೇ ನಿಮಿಷದಲ್ಲಿ ಕಣದ ಸುತ್ತ ನೇರಳೆ ಬಣ್ಣ ಇಳಿಯುತ್ತದೆ. ಬಣ್ಣದ ಚುಕ್ಕಿಗೆ ಅದು ಏನೂ ಮಾಡುವುದಿಲ್ಲ.

ಮೂರು ಮನಿ ಆಚೆ ಬಣ್ಣ ಹೊಡದಾರ. ಅಲ್ಲಿಂದ ನಮ್ಮ ಕಾರಿಗೆ ಹೆಂಗ್ ಬಂತು?

ಸ್ಪ್ರೇ ಗನ್ನಿನಿಂದ ಹೊರಟ ಬಣ್ಣವೆಲ್ಲ ಗೋಡೆಗೆ ಹತ್ತುವುದಿಲ್ಲ. ಮಂಜಿನಷ್ಟು ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತವೆ. ನೀರಿನ ಬಣ್ಣದ ಸಣ್ಣ ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಬೀಳುವುದೂ ಉಂಟು. ಹಾಗೆ ಬಿದ್ದದ್ದು ತೊಳೆದರೆ ಹೋಗುತ್ತದೆ. ಎನಾಮಲ್‌ನಂಥ ಎಣ್ಣೆ ಬಣ್ಣ ನಿಧಾನ ಒಣಗುವುದರಿಂದ ಹಸಿಯಾಗಿಯೇ ದೂರ ಬಂದು ಅಂಟಿಕೊಳ್ಳುತ್ತದೆ. ಹಾಗಾಗಿ ಹತ್ತಿರದ ಗೋಡೆಗಿಂತ ದೂರದ ಗೇಟೇ ಕಾರಿಗೆ ಜಾಸ್ತಿ ತೊಂದರೆ ಕೊಟ್ಟಿರಬಹುದು.

ನಿನ್ನೆ ಸಂಜೆ ಬಿದ್ದದ್ದು. ಇವತ್ತೇ ತೆಗೀಬೇಕಾ, ಭಾನುವಾರ ತನಕ ಬಿಟ್ರೆ ನಡೆಯುತ್ತಾ?

ನೀರಿನ ಬಣ್ಣವಾದರೆ ಗಂಟೆಗಳ ಲೆಕ್ಕ. ಅದು ಹಸಿ ಇದ್ದಾಗ ಬರೀ ನೀರಿಗೆ ಹೋಗುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆಯಂತೆ ಕೂರುತ್ತದೆ. ಎಣ್ಣೆ ಬಣ್ಣಕ್ಕೆ ಒಂದೆರಡು ದಿನದ ಅವಕಾಶ ಇರುತ್ತದೆ. ಹಾರ್ಡನರ್ (ಬಣ್ಣ ಗಟ್ಟಿಯಾಗಲೆಂದು ಬೆರೆಸುವ ದ್ರಾವಣ) ಹಾಕಿದ ಗ್ಯಾರೇಜ್ ಬಣ್ಣ ಮುಟ್ಟಿದರೆ ಅಂಟದಷ್ಟು ಬೇಗ ಒಣಗಿದರೂ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು.

ಭಾನುವಾರದವರೆಗೆ ಬಿಡಲೇಬೇಕಾದರೆ ಕಾರನ್ನು ನೆರಳಿಗೆ ತನ್ನಿ. ನಮ್ಮ ಬಿಸಿಲಿಗೆ ಬಾನೆಟ್ ಕಾದು ಹೆಂಚಾಗುತ್ತದೆ, ಚುಕ್ಕಿ ಇನ್ನೂ ಬೇಗ ಬಲಿಯುತ್ತದೆ. ಆದರೆ ಒಣ ಬಟ್ಟೆಯಿಂದ ಒರೆಸಲೇಬೇಡಿ. ಎರೆಮಣ್ಣಿನ ಧೂಳು ಮೊದಲೇ ಕೂತಿರುತ್ತದೆ, ಬಣ್ಣದ ಜೊತೆ ಅದನ್ನೂ ತಿಕ್ಕಿದಂತಾಗುತ್ತದೆ.

ಯಾವ ಬಣ್ಣ ಬಿದ್ದೈತಿ ಅಂತ ಹೆಂಗ್ ಗೊತ್ತಾಗಬೇಕು?

ಚುಕ್ಕಿ ನೋಡಿ ಹೇಳುವುದು ಕಷ್ಟ. ಹೊಡೆದವರನ್ನೇ ಕೇಳಿ. ಒಂದೇ ಪ್ರಶ್ನೆ ಸಾಕು: "ಅಣ್ಣಾ, ಬಣ್ಣಕ್ಕೆ ಏನ್ ಕಲಿಸಿದ್ರಿ?"

ನೀರು ಎಂದರೆ ಎಮಲ್ಷನ್ ಅಥವಾ ಡಿಸ್ಟೆಂಪರ್, ಗೋಡೆಯ ಬಣ್ಣ. ಟರ್ಪಂಟೈನ್ ಎಂದರೆ ಎನಾಮಲ್. ಗೇಟು, ಗ್ರಿಲ್, ತಗಡಿನ ಶೆಡ್ಡಿಗೆ ಹೊಡೆಯುವುದು ಇದನ್ನೇ. ಥಿನ್ನರ್ ಎಂದರೆ ಫರ್ನಿಚರ್ ಲ್ಯಾಕರ್ ಇರಬಹುದು, ಕಾರಿನ ಬಣ್ಣ ಇರಬಹುದು. ಎರಡು ಡಬ್ಬಿ ಸೇರಿಸಿದೆವು ಎಂದರೆ ಹಾರ್ಡನರ್ ಬಣ್ಣ ಅಥವಾ ಎಪಾಕ್ಸಿ, ಎಲ್ಲಕ್ಕಿಂತ ಹಠಮಾರಿ.

ಸಾಧ್ಯವಾದರೆ ಖಾಲಿ ಡಬ್ಬಿಯ ಫೋಟೊ ತೆಗೆದುಕೊಳ್ಳಿ. ಏನನ್ನು ಕಲಿಸಿ ತೆಳು ಮಾಡಬೇಕೆಂದು ಅದರ ಮೇಲೇ ಬರೆದಿರುತ್ತದೆ. ಬಣ್ಣವನ್ನು ಮೆತ್ತಗೆ ಮಾಡುವ ದಾರಿ ಯಾವುದೆಂದು ಅಲ್ಲಿಂದಲೇ ಗೊತ್ತಾಗುತ್ತದೆ. ಪೇಂಟರ್ ಜೊತೆ ಮೊದಲೇ ಜಗಳಕ್ಕೆ ಇಳಿದರೆ ಈ ಮಾಹಿತಿ ಸಿಗುವುದಿಲ್ಲ. ಮೊದಲು ಡಬ್ಬಿ ನೋಡಿ, ಮಾತು ಆಮೇಲೆ ಆಡಿ.

ಥಿನ್ನರ್ ಹಚ್ಚಿ ಒರಸಿದ್ರ ಐದ್ ನಿಮಿಷದಾಗ ಹೋಗತೈತಿ ಅಂತಾರ. ಹಚ್ಚಲೇನ್ರೀ?

ಹಚ್ಚಬೇಡಿ. ಹೋಗುವುದೇನೋ ಹೋಗುತ್ತದೆ. ಅದರ ಜೊತೆ ಇನ್ನೇನು ಹೋಗುತ್ತದೆ ಎನ್ನುವುದು ಪ್ರಶ್ನೆ.

ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದೆಲ್ಲ ಸೇರಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಅಷ್ಟೇ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾರಿನ ಹೊಳಪೆಲ್ಲ ಕೂದಲಿಗಿಂತ ತೆಳುವಾದ ಒಂದು ಪದರದಲ್ಲಿದೆ. ಹಾರಿ ಬಂದ ಬಣ್ಣ ಅದರ ಮೇಲೆ ಸುಮ್ನೆ ಕೂತಿದೆ, ಒಳಗೆ ಇಳಿದಿಲ್ಲ. ಕೂತದ್ದನ್ನು ಎಬ್ಬಿಸಬೇಕು. ಕೆಳಗಿನದನ್ನು ಕರಗಿಸಬಾರದು.

ಕಂಪನಿಯಲ್ಲಿ ಒಲೆಯಲ್ಲಿ ಬೇಯಿಸಿದ ಬಣ್ಣ ಥಿನ್ನರನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಆದರೆ ನಿಮ್ಮ ಕಾರಿನ ಯಾವ ಭಾಗಕ್ಕೆ ಹಿಂದೆ ಯಾವ ಗ್ಯಾರೇಜಿನಲ್ಲಿ ಟಚ್‌ಅಪ್ ಆಗಿದೆ ಎಂದು ನಿಮಗೆ ಗೊತ್ತಾ? ಅಲ್ಲಿ ಥಿನ್ನರ್ ತಾಗಿದರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಹೋದ ವರ್ಷ ಧಾರವಾಡದಿಂದ ಒಬ್ಬ ಮೇಷ್ಟ್ರು ಕೆಂಪು ಕಾರು ತಂದಿದ್ದರು. ಗೇಟಿನ ಎನಾಮಲ್ ಹಾರಿ ಬಾನೆಟ್ ಮೇಲೆ ಬೂದು ಚುಕ್ಕಿ ಬಿದ್ದಿತ್ತು. ಯಾರೋ ಹೇಳಿದರೆಂದು ಹಳೇ ಬನಿಯನ್ನಿಗೆ ಥಿನ್ನರ್ ಅದ್ದಿ ಒರೆಸಿದ್ದಾರೆ. ಚುಕ್ಕಿ ಹೋಗಿತ್ತು. ಅವರ ಕೈ ಸುತ್ತಿದ ಕಡೆಯೆಲ್ಲ ಬಾನೆಟ್ ಮಬ್ಬಾಗಿ, ಬೆಳಕಿಗೆ ಹಿಡಿದರೆ ಹಸಿ ಬಟ್ಟೆ ಸುತ್ತಿಸಿದ ಗುರುತು ಉಂಗುರ ಉಂಗುರವಾಗಿ ಕಾಣುತ್ತಿತ್ತು. ಕೆಳಗಿನ ಬಂಪರಿನ ಮೂಲೆಯಲ್ಲಿ ಬಣ್ಣವೇ ಎದ್ದಿತ್ತು. ಬಾನೆಟ್ ಪಾಲಿಶ್‌ನಿಂದ ಸರಿಹೋಯಿತು. ಬಂಪರ್ ಪೂರ್ತಿ ಪೇಂಟ್ ಮಾಡಬೇಕಾಯಿತು. ಆ ಬೂದು ಚುಕ್ಕಿಗಳು ಅರ್ಧ ದಿನದ ಕೆಲಸ ಇದ್ದವು, ಅಷ್ಟೇ. ಅವರು ಬಂಪರ್ ನೋಡುತ್ತ ನಿಂತದ್ದು ನನಗಿನ್ನೂ ನೆನಪಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

## ಮನೆಯಲ್ಲೇ ತೆಗೆಯುವುದು

ಮನ್ಯಾಗ ನಾವೇ ತೆಗೀಬಹುದಾ? ಎಲ್ಲಿಂದ ಶುರು ಮಾಡ್ಬೇಕು?

ಹಗುರ ಚುಕ್ಕಿಗಳಾದರೆ ಖಂಡಿತ ತೆಗೆಯಬಹುದು. ಒಂದೇ ನಿಯಮ: ಮೆತ್ತಗಿನದರಿಂದ ಶುರು ಮಾಡಿ, ಹೋಗದಿದ್ದರೆ ಮಾತ್ರ ಮುಂದಿನದು.

ನೆರಳಿನಲ್ಲಿ, ತಣ್ಣಗಿನ ಮೈಮೇಲೆ ಕೆಲಸ. ಮೊದಲು ಕಾರ್ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರೀ ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಬಣ್ಣದ ಚುಕ್ಕಿ ಯಾವುದು, ನೀರಿನ ಕಲೆ ಯಾವುದು ಎಂದೇ ತಿಳಿಯದಂತಾಗುತ್ತದೆ. ಕೊನೆಗೆ ಜಾಲಾಡಿಸಲು ನಲ್ಲಿ ನೀರು ಅಥವಾ ಮಳೆ ನೀರು ಇದ್ದರೆ ಒಳ್ಳೆಯದು.

ನೀರಿನ ಬಣ್ಣವಾದರೆ ಉಗುರುಬೆಚ್ಚಗಿನ ಶಾಂಪೂ ನೀರಿನಲ್ಲಿ ಟವೆಲ್ ಅದ್ದಿ ಚುಕ್ಕಿ ಇರುವ ಕಡೆ ಹಾಸಿ, ಅರ್ಧ ಗಂಟೆ ಬಿಡಿ. ನಡುವೆ ಟವೆಲ್ ಒಣಗದಂತೆ ನೀರು ಚಿಮುಕಿಸಿ. ನೆನೆದ ಎಮಲ್ಷನ್ ಉಗುರಿನಿಂದ ಮೆಲ್ಲಗೆ ತಳ್ಳಿದರೆ ಸಿಪ್ಪೆಯಂತೆ ಏಳುತ್ತದೆ. ಉಳಿದದ್ದಕ್ಕೆ ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅರ್ಧಕ್ಕರ್ಧ ನೀರಿಗೆ ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಹಚ್ಚಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಒರೆಸಿ.

ಹೊಸದಾಗಿ ಬಿದ್ದ ಎನಾಮಲ್‌ಗೆ ಹಾರ್ಡ್‌ವೇರ್ ಅಂಗಡಿಯ ಮಿನರಲ್ ಟರ್ಪಂಟೈನ್ ಅಥವಾ ಕಾರಿನ ಟಾರ್ ರಿಮೂವರ್ (ಡಾಂಬರು ಕಲೆ ತೆಗೆಯುವ ದ್ರಾವಣ) ಸಾಕು. ಮೊದಲು ಡೋರಿನ ಕೆಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಅಥವಾ ಮೈ ಅಂಟಂಟಾದರೆ ಅಲ್ಲಿಗೇ ನಿಲ್ಲಿಸಿ. ಸರಿ ಇದ್ದರೆ ಅಂಗೈ ಅಗಲದಷ್ಟು ಜಾಗ ಹಿಡಿದು ಹಚ್ಚಿ, ಒರೆಸಿ, ತಕ್ಷಣ ಶಾಂಪೂ ನೀರಿನಿಂದ ತೊಳೆಯಿರಿ.

ಈ ಕೆಲಸ ಬಯಲಲ್ಲಿ ಮಾಡಿ, ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ಹತ್ತಿರ ದೀಪ, ಊದಿನಕಡ್ಡಿ, ಬೀಡಿ ಬೇಡ. ಎನಾಮಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಬಣ್ಣ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ ಆಮೇಲೆ ಬಿಸಾಡಿ.

ಕ್ಲೇ ಬಾರ್ ಅಂತಾರಲ್ಲ, ಅದು ಏನು? ಹೆಂಗ್ ಉಜ್ಜಬೇಕು?

ಹಾರಿದ ಬಣ್ಣಕ್ಕೆ ನಿಜವಾದ ಮದ್ದು ಇದೇ. ನೋಡಲು ಮಕ್ಕಳು ಆಡುವ ಜೇಡಿಯಂತಿರುತ್ತದೆ, ಒಳಗೆ ಕಣ್ಣಿಗೆ ಕಾಣದಷ್ಟು ನುಣುಪಾದ ಉಜ್ಜುವ ಪುಡಿ ಇರುತ್ತದೆ. ಮೈಯಿಂದ ಮೇಲೆದ್ದು ನಿಂತ ಚುಕ್ಕಿಯನ್ನು ಅದು ಸವರಿ ಹಿಡಿದು ಕೀಳುತ್ತದೆ. ಫೈನ್, ಮೀಡಿಯಂ ಮತ್ತು ಹೆವಿ ಎಂದು ದರ್ಜೆಗಳಿವೆ. ಮನೆಯಲ್ಲಿ ಮಾಡುವವರು ಫೈನ್ ಮಾತ್ರ ಕೊಳ್ಳಿ.

ಬಾರನ್ನು ಮೂರು-ನಾಲ್ಕು ತುಂಡು ಮಾಡಿ. ಒಂದು ತುಂಡನ್ನು ಚಪಾತಿ ಹಿಟ್ಟು ನಾದಿದಂತೆ ನಾದಿ, ಅಂಗೈ ಮೇಲೆ ಸಣ್ಣ ಬಿಲ್ಲೆ ತಟ್ಟಿ. ಧಾರವಾಡದ ಚಳಿಗಾಲದ ಬೆಳಿಗ್ಗೆ ಅದು ಕಲ್ಲಿನಂತಿರುತ್ತದೆ, ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿದರೆ ಮೆತ್ತಗಾಗುತ್ತದೆ. ಕಾರಿನ ಮೇಲೆ ಕ್ಲೇ ಲ್ಯೂಬ್ ಅಥವಾ ಜಾರುವಷ್ಟು ಶಾಂಪೂ ನೀರು ಧಾರಾಳವಾಗಿ ಹೊಡೆಯಿರಿ. ಒಂದು ಅಡಿ ಅಗಲ, ಒಂದು ಅಡಿ ಉದ್ದದ ಜಾಗ ಹಿಡಿಯಿರಿ. ಬೆರಳ ತುದಿಯಿಂದ ಕ್ಲೇ ಹಿಡಿದು, ಒತ್ತದೆ, ಉದ್ದುದ್ದಕ್ಕೆ ನೇರವಾಗಿ ಎಳೆಯಿರಿ. ಸುತ್ತಿಸಬೇಡಿ.

ಕೆಲಸ ಹೇಗೆ ನಡೆದಿದೆ ಅಂತ ಕಿವಿಯೇ ಹೇಳುತ್ತದೆ. ಶುರುವಿನಲ್ಲಿ ಕ್ಲೇ ಚುಕ್ಕಿಗಳಿಗೆ ತಾಗಿ ಸರಸರ ಸದ್ದು ಬರುತ್ತದೆ, ಬೆರಳಿಗೂ ತಡೆ ಗೊತ್ತಾಗುತ್ತದೆ. ಏಳೆಂಟು ಸಲ ಎಳೆಯುವಷ್ಟರಲ್ಲಿ ಸದ್ದು ಕಡಿಮೆಯಾಗಿ, ಒಂದು ಗಳಿಗೆಯಲ್ಲಿ ಪೂರ್ತಿ ನಿಂತು ಕೈ ಜಾರತೊಡಗುತ್ತದೆ. ಅಲ್ಲಿ ಮುಗಿಯಿತು. ಕ್ಲೇ ತಿರುಗಿಸಿ ನೋಡಿ, ಬಿಳಿ ಗೀರುಗಳು ಅಥವಾ ಆ ಗೇಟಿನ ಬಣ್ಣವೇ ಅದರಲ್ಲಿ ಕಾಣುತ್ತದೆ. ಕೊಳೆಯಾದ ಮುಖವನ್ನು ಒಳಗೆ ಮಡಚಿ, ಹೊಸ ಮುಖ ತಟ್ಟಿ ಮುಂದುವರಿಸಿ. ಲ್ಯೂಬ್ ಒಣಗಲು ಬಿಡಬೇಡಿ. ಒಣ ಮೈಮೇಲೆ ಕ್ಲೇ ಅಂಟಿ ಎಳೆದರೆ ಗೀರು ಗ್ಯಾರಂಟಿ.

ಒಂದು ಇಡೀ ಕಾರಿಗೆ ನಮ್ಮಲ್ಲಿ ಇಬ್ಬರು ಹುಡುಗರು ಅರ್ಧ ದಿನ ತೆಗೆದುಕೊಳ್ಳುತ್ತಾರೆ. ಒಬ್ಬರೇ ಮಾಡುವುದಾದರೆ ಇವತ್ತು ಬಾನೆಟ್, ನಾಳೆ ಟಾಪ್ ಎಂದು ಹಂಚಿಕೊಳ್ಳಿ. ದಣಿದ ಕೈ ಒತ್ತಲು ಶುರು ಮಾಡುತ್ತದೆ, ಗೀರು ಬೀಳುವುದು ಆಗಲೇ. ಕ್ಲೇ ಮಾಡಿದ ಮೇಲೆ ಹಳೆಯ ವ್ಯಾಕ್ಸ್ ಉಳಿಯುವುದಿಲ್ಲ, ಹೊಸದು ಹಚ್ಚಲೇಬೇಕು. ಕಪ್ಪು ಕಾರಿನಲ್ಲಿ ಮಸುಕಾದ ಗೆರೆಗಳು ಕಂಡರೆ ಹೆದರಬೇಡಿ, ಹಗುರವಾದ ಪಾಲಿಶ್‌ಗೆ ಹೋಗುತ್ತವೆ.

ಕ್ಲೇ ಕೈ ಜಾರಿ ನೆಲಕ್ಕೆ ಬಿತ್ತು. ತೊಳೆದು ಬಳಸಲಾ?

ಬೇಡ, ಬಿಸಾಡಿ. ಅದಕ್ಕೆ ಹತ್ತಿದ ಒಂದು ಮರಳು ಕಣ ತೊಳೆದರೂ ಹೋಗುವುದಿಲ್ಲ. ತುಂಡು ಮಾಡಿಕೊಂಡು ಬಳಸಿ ಎನ್ನುವುದು ಇದಕ್ಕೇ, ಒಂದು ಬಿದ್ದರೆ ಉಳಿದವು ಇರುತ್ತವೆ.

ಪೆಟ್ರೋಲ್, ಸೀಮೆಎಣ್ಣೆ, ಟೂತ್‌ಪೇಸ್ಟ್, ಪಾತ್ರೆ ತಿಕ್ಕೋ ಸ್ಕ್ರಬ್ಬರ್. ಇದ್ರಲ್ಲಿ ಯಾವುದು ನಡೆಯುತ್ತೆ?

ಸ್ಕ್ರಬ್ಬರನ್ನು ಕಾರಿನ ಹತ್ತಿರವೂ ತರಬೇಡಿ. ಹಸಿರು ಸ್ಕ್ರಬ್ಬರ್ ಎಳೆದ ಡೋರನ್ನು ಪೇಂಟ್ ಮಾಡದೆ ಸರಿ ಮಾಡಲು ನನಗೆ ಆಗಿಲ್ಲ. ಪೆಟ್ರೋಲ್ ಬೆಂಕಿಯ ಅಪಾಯ, ಜೊತೆಗೆ ರಬ್ಬರ್ ಬೀಡಿಂಗ್ ಊದಿಕೊಳ್ಳುತ್ತದೆ. ಸೀಮೆಎಣ್ಣೆ ಹಸಿ ಎನಾಮಲ್ ಮೇಲೆ ಕೆಲಸ ಮಾಡುತ್ತದೆ, ಆದರೆ ಜಿಡ್ಡು ಬಿಡುತ್ತದೆ. ಟರ್ಪಂಟೈನ್ ಸಿಗುವಾಗ ಅದರ ಗೊಡವೆ ಯಾಕೆ? ಟೂತ್‌ಪೇಸ್ಟ್ ಒಂದು ಬಗೆಯ ಉಜ್ಜುವ ಪುಡಿ. ಎಷ್ಟು ಒರಟೆಂದು ತಿಳಿಯದ ವಸ್ತುವನ್ನು ಕ್ಲಿಯರ್ ಕೋಟ್ ಮೇಲೆ ಉಜ್ಜಬಾರದು.

## ಗ್ಲಾಸ್, ಪ್ಲಾಸ್ಟಿಕ್, ರಬ್ಬರ್

ಗ್ಲಾಸ್ ಮ್ಯಾಲಿನ ಚುಕ್ಕಿ ಬ್ಲೇಡಿನಿಂದ ಕೆರೀಬಹುದೇನ್ರೀ?

ಕೆರೆಯಬಹುದು. ಗ್ಲಾಸ್ ಒಂದೇ ಬ್ಲೇಡ್ ತಡೆದುಕೊಳ್ಳುವ ಭಾಗ. ಹೊಸ ಬ್ಲೇಡ್ ಹಿಡಿಕೆಗೆ ಹಾಕಿ, ಗ್ಲಾಸಿಗೆ ಸೋಪಿನ ನೀರು ಹೊಡೆದು, ಸುಮಾರು 30 ಡಿಗ್ರಿ ಓರೆಯಲ್ಲಿ ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯಬೇಡಿ, ಬ್ಲೇಡಿನ ಕೆಳಗೆ ಸಿಕ್ಕ ಕಣ ಗೀರುತ್ತದೆ. ಹಿಂದಿನ ಗ್ಲಾಸಿನ ಒಳಮೈಯಲ್ಲಿ ಮಂಜು ಕರಗಿಸುವ ಡಿಫಾಗರ್ ಗೆರೆಗಳಿರುತ್ತವೆ, ಅಲ್ಲಿ ಬ್ಲೇಡ್ ಮುಟ್ಟಿಸಲೇಬೇಡಿ. ವೈಪರ್ ರಬ್ಬರಿಗೂ ಚುಕ್ಕಿ ಹತ್ತಿರುತ್ತದೆ. ಅದನ್ನು ಒರೆಸದೆ ವೈಪರ್ ಓಡಿಸಿದರೆ ಗ್ಲಾಸಿಗೆ ಅರ್ಧ ಚಂದ್ರಾಕಾರದ ಗೀರು.

ಬಂಪರ್ ಕೆಳಗಿನ ಕರಿ ಪ್ಲಾಸ್ಟಿಕ್ ಮೇಲೆ ಬಿಳಿ ಚುಕ್ಕಿ ಬಿದ್ದಾವು, ಏನ್ ಮಾಡಿದ್ರೂ ಹೋಗವಲ್ದು.

ಇದು ನಿಜಕ್ಕೂ ತಾಳ್ಮೆಯ ಕೆಲಸ. ಆ ಪ್ಲಾಸ್ಟಿಕ್ ನುಣುಪಾಗಿಲ್ಲ, ಚರ್ಮದಂತೆ ಸಣ್ಣ ಸಣ್ಣ ತಗ್ಗುಗಳಿವೆ. ಬಣ್ಣ ತಗ್ಗಿನಲ್ಲಿ ಕೂತಿದೆ. ಇಲ್ಲಿ ಕ್ಲೇ ಉಜ್ಜಿದರೆ ಕ್ಲೇ ತಾನೇ ಆ ತಗ್ಗುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ತಾಗಿದರೆ ಒಣಗಿ ಇನ್ನಷ್ಟು ಬಿಳಿ. ಹಾಗಾಗಿ ಬಾನೆಟ್, ಡೋರ್ ಮೇಲೆ ಕ್ಲೇ ಅಥವಾ ಪಾಲಿಶ್ ಮಾಡುವ ಮೊದಲೇ ಕರಿ ಪ್ಲಾಸ್ಟಿಕ್ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿಬಿಡಿ.

ಮೊದಲು ಆಲ್ ಪರ್ಪಸ್ ಕ್ಲೀನರ್ ಅಥವಾ ಸೋಪಿನ ನೀರು ಹಚ್ಚಿ, ಮೆತ್ತನೆಯ ಹಳೇ ಟೂತ್‌ಬ್ರಷ್‌ನಿಂದ ನಾಲ್ಕೂ ದಿಕ್ಕಿಗೆ ತಿಕ್ಕಿ. ಹಸಿ ಎನಾಮಲ್ ಆಗಿದ್ದರೆ ಅಡುಗೆಮನೆಯ ಶೇಂಗಾ ಎಣ್ಣೆಯನ್ನೇ ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿ ನೋಡಬಹುದು, ಎಣ್ಣೆಗೆ ಬಣ್ಣ ಸಡಿಲವಾಗುತ್ತದೆ, ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ. ಆಮೇಲೆ ಸೋಪಿನಿಂದ ಜಿಡ್ಡು ತೊಳೆಯಬೇಕು.

ಒಣಗಿದ್ದರೆ ಟೂತ್‌ಬ್ರಷ್ಷಿಗೆ ಎರಡೇ ಹನಿ ಟರ್ಪಂಟೈನ್. ಒಂದು ಚುಕ್ಕಿ ತಿಕ್ಕಿ, ತಕ್ಷಣ ಬಟ್ಟೆಯಿಂದ ಒತ್ತಿ ಹೀರಿಸಿ, ಬಟ್ಟೆಯ ಮುಖ ಬದಲಿಸಿ, ಮುಂದಿನ ಚುಕ್ಕಿ. ಇಲ್ಲಿ ಜನ ಮಾಡುವ ತಪ್ಪೆಂದರೆ ಜಾಸ್ತಿ ಸುರಿದು ಒಂದೇ ಬಟ್ಟೆಯಿಂದ ಒರೆಸುವುದು. ಕರಗಿದ ಬಿಳಿ ಬಣ್ಣ ಹಾಲಿನಂತೆ ಹರಡಿ ಎಲ್ಲಾ ತಗ್ಗುಗಳಿಗೂ ಇಳಿಯುತ್ತದೆ. ಮೊದಲು ಚುಕ್ಕಿ ಇದ್ದದ್ದು ಆಮೇಲೆ ಪಟ್ಟಿಯೇ ಆಗುತ್ತದೆ.

ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ಸ್ಪಂಜ್ ತಗ್ಗುಗಳನ್ನೇ ಸವೆಸಿ ಆ ಜಾಗ ಮಿಣಮಿಣ ಮಾಡುತ್ತದೆ, ಬೇಡ. ಹೀಟ್ ಗನ್ ಕೂಡ ಬೇಡ. ಹಠ ಹಿಡಿದ ಪ್ಲಾಸ್ಟಿಕ್ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಸಣ್ಣ ತುಂಡಾದರೆ ಹೊಸದು ಹಾಕಿಸುವುದೇ ಒಮ್ಮೊಮ್ಮೆ ಅಗ್ಗ.

ಹೆಡ್‌ಲೈಟಿಗೂ ಬಿದ್ದಿದೆ. ಗ್ಲಾಸ್ ಥರಾನೇ ಕೆರೀಲಾ?

ಕೆರೆಯಬೇಡಿ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದು ತಾಗಿದರೂ ಒಳಗೊಳಗೇ ಸಣ್ಣ ಬಿರುಕು ಬಿಟ್ಟು ಮಬ್ಬಾಗುತ್ತದೆ, ಅದನ್ನು ಹಿಂದೆ ತರಲು ಆಗುವುದಿಲ್ಲ. ಉಗುರು ಬಣ್ಣ ತೆಗೆಯುವ ಎಷ್ಟೋ ರಿಮೂವರುಗಳಲ್ಲೂ ಅಸಿಟೋನ್ ಇರುತ್ತದೆ, ನೆನಪಿರಲಿ. ಫೈನ್ ಕ್ಲೇ, ಧಾರಾಳ ಲ್ಯೂಬ್, ಹಗುರ ಕೈ. ಅಷ್ಟಕ್ಕೇ ಬಹುತೇಕ ಹೋಗುತ್ತದೆ.

ರಬ್ಬರ್ ಬೀಡಿಂಗ್ ಮತ್ತು ಕ್ರೋಮ್ ಪಟ್ಟಿ?

ರಬ್ಬರನ್ನು ಸ್ವಲ್ಪ ಬಾಗಿಸಿದರೆ ಒಣಗಿದ ಬಣ್ಣ ತಾನೇ ಬಿರಿಯುತ್ತದೆ, ಉಗುರಿನಿಂದ ಎಬ್ಬಿಸಿ, ಸೋಪಿನ ನೀರಿನಿಂದ ಒರೆಸಿ. ಟರ್ಪಂಟೈನ್ ನೆನೆಸಿ ಬಿಡಬೇಡಿ, ರಬ್ಬರ್ ಊದುತ್ತದೆ. ಕ್ರೋಮ್‌ಗೆ ಕ್ಲೇ ನಡೆಯುತ್ತದೆ. ಈಗಿನ ಕಾರುಗಳ ಕ್ರೋಮ್ ಬಹುತೇಕ ಪ್ಲಾಸ್ಟಿಕ್ ಮೇಲಿನ ಲೇಪ, ಸ್ಟೀಲ್ ವುಲ್ ತಾಗಿಸಿದರೆ ಹೊಳಪು ಹೋಯಿತು.

## ಗಟ್ಟಿ ಕೇಸುಗಳು

ಎರಡು ಸಲ ಕ್ಲೇ ಮಾಡಿದೆ, ಇನ್ನೂ ಕೈಗೆ ಸಿಗುತ್ತೆ. ಮುಂದೇನು?

ಇಲ್ಲಿಂದ ಮುಂದೆ ನಿಮ್ಮ ಕಾರಿನ ಬಣ್ಣವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮೀಡಿಯಂ ಕ್ಲೇ, ಆಮೇಲೆ ಬಫಿಂಗ್ ಮಷೀನಿನಲ್ಲಿ ಕಂಪೌಂಡ್, ಅದಕ್ಕೂ ಬಗ್ಗದಿದ್ದರೆ 2000, 2500, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪಾದ ಮರಳು ಕಾಗದ), ಮತ್ತೆ ಕಂಪೌಂಡ್, ಮತ್ತೆ ಪಾಲಿಶ್. ನಾವು ವಾಟರ್ ಪೇಪರ್ ಹಿಡಿಯುವ ಮೊದಲು ಗೇಜ್ ಇಟ್ಟು ಬಣ್ಣದ ದಪ್ಪ ಅಳೆಯುತ್ತೇವೆ. ಬಾನೆಟ್ಟಿನ ಅಂಚು, ಡೋರಿನ ಉಬ್ಬು ಗೆರೆ, ಇಂಥ ಕಡೆ ಬಣ್ಣ ತೆಳುವಾಗಿರುತ್ತದೆ. ಮಷೀನ್ ಅಲ್ಲಿ ಎರಡು ಸೆಕೆಂಡ್ ಜಾಸ್ತಿ ನಿಂತರೆ ಕ್ಲಿಯರ್ ಸುಟ್ಟು ಕೆಳಗಿನ ಬಣ್ಣ ಕಾಣುತ್ತದೆ. ಆ ಅಂಚುಗಳಿಗೆ ಟೇಪ್ ಹಚ್ಚಿಯೇ ಕೆಲಸ ಮಾಡಬೇಕು. ಮಷೀನ್ ಹಿಡಿದು ಅಭ್ಯಾಸವಿಲ್ಲದವರು ಇದನ್ನು ಸ್ವಂತ ಕಾರಿನ ಮೇಲೆ ಕಲಿಯುವುದು ಬೇಡ. ಗ್ಯಾರೇಜಿಗೆ ಹೋದಾಗ ಗೇಜ್ ಇದೆಯಾ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಗ್ಯಾರೇಜಿನಲ್ಲಿ ಒಂದೇ ಡೋರ್ ಪೇಂಟ್ ಮಾಡಿಸಿದ್ದು. ಈಗ ಟಾಪ್, ಡಿಕ್ಕಿ ಎಲ್ಲಾ ಒರಟು. ಯಾಕೆ?

ಮಾಸ್ಕಿಂಗ್ ಅರ್ಧಂಬರ್ಧ ಆಗಿದೆ. ಡೋರಿನ ಸುತ್ತ ಒಂದು ಅಡಿ ಪೇಪರ್ ಹಚ್ಚಿ ಗನ್ ಹೊಡೆದರೆ ಮಂಜು ಮೇಲೆದ್ದು ಉಳಿದ ಕಾರಿನ ಮೇಲೆಲ್ಲ ಇಳಿಯುತ್ತದೆ. ಇಡೀ ಕಾರನ್ನು ಮುಚ್ಚಬೇಕು. ಕಾರು ತೆಗೆದುಕೊಳ್ಳುವ ದಿನವೇ ಪ್ಲಾಸ್ಟಿಕ್ ಚೀಲದ ಪರೀಕ್ಷೆ ಮಾಡಿ, ಅಲ್ಲೇ ತೋರಿಸಿ. ಒಂದೆರಡು ದಿನದಲ್ಲಾದರೆ ಅವರಿಗೂ ತೆಗೆಯುವುದು ಸುಲಭ, ಅದನ್ನು ಮಾಡಿಕೊಡುವುದು ಅವರ ಕೆಲಸ.

ಒಂದು ಎಚ್ಚರಿಕೆ: ಹೊಸದಾಗಿ ಪೇಂಟ್ ಆದ ಆ ಡೋರನ್ನು ಕನಿಷ್ಠ ಒಂದು ತಿಂಗಳು ಕ್ಲೇ, ವ್ಯಾಕ್ಸ್ ಯಾವುದಕ್ಕೂ ಒಡ್ಡಬೇಡಿ. ಬಣ್ಣದೊಳಗಿನ ಸಾಲ್ವೆಂಟ್ (ಥಿನ್ನರಿನಂಥ ದ್ರಾವಕ) ಹೊರಗೆ ಹೋಗಲು ಸಮಯ ಬೇಕು.

ಹಳೇ ಮಾರುತಿ 800 ಐತ್ರಿ. ಪಾಲಿಶ್ ಮಾಡಿದ್ರ ಬಟ್ಟಿಗೆ ಕಾರಿನ ಬಣ್ಣಾನೇ ಬರತೈತಿ.

ಅದಕ್ಕೆ ಕ್ಲಿಯರ್ ಕೋಟ್ ಇಲ್ಲ. ಎಷ್ಟೋ ಹಳೇ ಕಾರುಗಳಲ್ಲಿ ಬಣ್ಣವೇ ಮೇಲಿನ ಪದರ, ಉಜ್ಜಿದರೆ ಸ್ವಲ್ಪ ಬರುವುದು ಸಹಜ. ಫೈನ್ ಕ್ಲೇ ಮಾಡಬಹುದು, ಸಾಲ್ವೆಂಟ್ ಕಡಿಮೆ, ಕೈಯಿಂದ ಪಾಲಿಶ್. ಇಂಥ ಕಾರಿನಲ್ಲಿ ಎಲ್ಲಾ ಚುಕ್ಕಿ ತೆಗೆಯುವ ಹಠ ಬೇಡ. ಇಷ್ಟು ವರ್ಷದ ಬಿಸಿಲು ತಿಂದ ಬಣ್ಣ ಎಷ್ಟು ಉಳಿದಿದೆಯೋ ಅದನ್ನು ಉಳಿಸಿಕೊಳ್ಳುವುದು ಮುಖ್ಯ.

ಪಿಪಿಎಫ್ ಹಾಕಿಸಿದ್ದೀನಿ. ಸೆರಾಮಿಕ್ ಇದೆ. ಮ್ಯಾಟ್ ಕಾರು. ಇವಕ್ಕೆ ಬೇರೆ ವಿಧಾನಾನಾ?

ಹೌದು. ಪಿಪಿಎಫ್ ಎಂದರೆ ಕಾರಿನ ಬಣ್ಣ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್. ಅದರ ಮೇಲೆ ಫೈನ್ ಕ್ಲೇ ತುಂಬ ಹಗುರವಾಗಿ ನಡೆಯುತ್ತದೆ, ಥಿನ್ನರ್ ಬೇಡವೇ ಬೇಡ, ಫಿಲ್ಮಿನ ಅಂಚಿನ ಅಂಟು ಬಿಡುತ್ತದೆ. ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ಗಟ್ಟಿ ರಕ್ಷಣೆಯ ಲೇಪ) ಇದ್ದರೆ ಚುಕ್ಕಿ ಸುಲಭವಾಗಿ ಏಳುತ್ತದೆ, ಆದರೆ ಕ್ಲೇಯಿಂದ ಕೋಟಿಂಗ್ ಸ್ವಲ್ಪ ಸವೆಯುತ್ತದೆ, ಆ ಭಾಗಕ್ಕೆ ಮತ್ತೆ ಹಾಕಿಸಬೇಕಾಗಬಹುದು. ಮ್ಯಾಟ್ ಎಂಬ ಹೊಳಪಿಲ್ಲದ ಬಣ್ಣಕ್ಕೆ ಪಾಲಿಶ್, ಕಂಪೌಂಡ್ ಎರಡೂ ನಿಷಿದ್ಧ. ಉಜ್ಜಿದ ಜಾಗ ಹೊಳೆಯತೊಡಗಿದರೆ ಆ ಭಾಗವನ್ನೇ ಮತ್ತೆ ಪೇಂಟ್ ಮಾಡಬೇಕು. ನೆನೆಸಿ ಒತ್ತಿ ತೆಗೆಯುವುದಷ್ಟೇ ಮನೆಯ ದಾರಿ. ಹೋಗದಿದ್ದರೆ ಮ್ಯಾಟ್ ಕೆಲಸ ಗೊತ್ತಿದ್ದವರ ಹತ್ತಿರ ಹೋಗಿ.

ಹೈವೇದಾಗ ಹೊಸಾ ಬಿಳಿ ಪಟ್ಟಿ ಮ್ಯಾಲೆ ಗಾಡಿ ಹೋತು. ಚಕ್ರದ ಮ್ಯಾಲೆಲ್ಲ ಸಿಡದೈತಿ.

ರಸ್ತೆಯ ಪಟ್ಟಿಗೆ ಬಳಸುವ ಥರ್ಮೊಪ್ಲಾಸ್ಟಿಕನ್ನು 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸುರಿಯುತ್ತಾರೆ. ರಾತ್ರಿ ಹೊಳೆಯಲೆಂದು ಸಣ್ಣ ಗಾಜಿನ ಮಣಿ ಬೆರೆಸಿರುತ್ತಾರೆ. ಹಾಗಾಗಿ ಇದನ್ನು ಉಜ್ಜಲೇಬಾರದು, ಮಣಿಗಳು ಕಾರಿನ ಮೈ ಗೀರುತ್ತವೆ. ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಉಳಿದದ್ದಕ್ಕೆ ಟಾರ್ ರಿಮೂವರ್.

ಸಿಮೆಂಟ್ ಅಥವಾ ಸುಣ್ಣ ಸಿಡಿದಿದ್ದರೆ ಬೇರೆ ಲೆಕ್ಕ. ಅವು ಕ್ಷಾರ, ಕಾರಿನ ಬಣ್ಣವನ್ನು ತಿನ್ನುತ್ತವೆ, ಇಲ್ಲಿ ತಡ ಮಾಡುವಂತಿಲ್ಲ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ನೆನೆಸಿ ಮೇಲೆ ಹಾಸಿ, ಕರಗಲು ಬಿಟ್ಟು ತುಂಬ ನೀರಿನಿಂದ ತೊಳೆಯಿರಿ.

## ಖರ್ಚು ಮತ್ತು ಮುನ್ನೆಚ್ಚರಿಕೆ

ಪಕ್ಕದ ಮನೆಯವರ ಪೇಂಟಿಂಗ್‌ನಿಂದ ಆದದ್ದು. ಖರ್ಚು ಯಾರು ಕೊಡಬೇಕು? ಇನ್ಶೂರೆನ್ಸ್ ಬರುತ್ತಾ?

ತೊಳೆಯುವ ಮೊದಲು ಫೋಟೊ ತೆಗೆಯಿರಿ: ಕಾರು, ಚುಕ್ಕಿ ಹತ್ತಿರದಿಂದ, ಮತ್ತು ಕಾರು ಹಾಗೂ ಬಣ್ಣ ಹೊಡೆದ ಗೋಡೆ ಒಂದೇ ಚಿತ್ರದಲ್ಲಿ. ಗ್ಯಾರೇಜಿನಿಂದ ಬರೆದ ಎಸ್ಟಿಮೇಟ್ ತಂದು ಮಾತಾಡಿ. ನಾನು ಕಂಡಂತೆ ಪೇಂಟಿಂಗ್ ಕಂಟ್ರಾಕ್ಟರ್ ಕ್ಲೇ ಮತ್ತು ಪಾಲಿಶ್ ಖರ್ಚು ಕೊಡಲು ಒಪ್ಪುವುದೇ ಹೆಚ್ಚು. ಪೂರ್ತಿ ಕಾರು ಪೇಂಟ್ ಮಾಡಿಸಿ ಎಂದರೆ ಒಪ್ಪುವುದಿಲ್ಲ, ಅದರ ಅಗತ್ಯವೂ ಇರುವುದಿಲ್ಲ. ದಿನಗೂಲಿಯ ಪೇಂಟರ್ ಹುಡುಗನ ಮೇಲೆ ಹಾಕಬೇಡಿ, ಕೆಲಸ ಕೊಟ್ಟವರ ಹತ್ತಿರ ಮಾತಾಡಿ.

ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ಕಂಪನಿಯನ್ನು ಕೇಳಬಹುದು. ಆದರೆ ಲೆಕ್ಕ ಹಾಕಿ. ಕ್ಲೇಮ್ ಮಾಡದೆ ಇದ್ದರೆ ಸಿಗುವ ನೋ ಕ್ಲೇಮ್ ಬೋನಸ್ (ಸ್ವಂತ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ರಿಯಾಯಿತಿ) ಮೊದಲ ವರ್ಷಕ್ಕೆ 20 ಪರ್ಸೆಂಟ್, ಐದು ವರ್ಷಕ್ಕೆ 50 ಪರ್ಸೆಂಟ್. ಒಂದು ಪಾಲಿಶ್ ಬಿಲ್ಲಿಗಾಗಿ ಅದನ್ನು ಕಳೆದುಕೊಂಡರೆ ಸಾಮಾನ್ಯವಾಗಿ ನಷ್ಟವೇ.

ಮುಂದಿನ ವಾರ ನಮ್ಮ ಮನೆಗೇ ಬಣ್ಣ. ಕಾರು ಹೆಂಗ್ ಕಾಪಾಡ್ಲಿ?

ಎಲ್ಲಕ್ಕಿಂತ ಒಳ್ಳೆಯದು ಕಾರನ್ನು ಎರಡು ಓಣಿ ಆಚೆ ನಿಲ್ಲಿಸುವುದು. ಆಗದಿದ್ದರೆ ಗಾಳಿ ನೋಡಿ. ನಮ್ಮ ಕಡೆ ಆಷಾಢದ ಹೊತ್ತಿಗೆ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ಕಾರು ಮನೆಯ ಪಡುವಣ ಮಗ್ಗುಲಿಗಿರಲಿ. ದೀಪಾವಳಿ ಹೊತ್ತಿಗೆ ಮೂಡಗಾಳಿ ಶುರುವಾಗಿರುತ್ತದೆ, ಆಗ ಮೂಡಣ ಮಗ್ಗುಲಿಗೆ. ಬೆಳಿಗ್ಗೆ ಗಾಳಿ ಕಡಿಮೆ, ಸ್ಪ್ರೇ ಕೆಲಸ ಆಗಲೇ ಮುಗಿಸಲು ಪೇಂಟರಿಗೆ ಹೇಳಿ. ಗೇಟಿಗೆ ಸ್ಪ್ರೇ ಬದಲು ಬ್ರಷ್ ಅಥವಾ ರೋಲರ್ ಸಾಕಲ್ವಾ ಎಂದೂ ಕೇಳಿ ನೋಡಿ.

ಕವರ್ ಹಾಕುವುದಾದರೆ ಮೊದಲು ಕಾರು ತೊಳೆದು ಒಣಗಿಸಿ. ಧೂಳಿನ ಮೇಲೆ ಕವರ್ ಹಾಕಿದರೆ ಗಾಳಿಗೆ ಅದು ಬಡಿದಾಡಿ ಮೈಯೆಲ್ಲ ಗೀರುತ್ತದೆ. ಮೊದಲು ಮೆತ್ತನೆ ಬಟ್ಟೆಯ ಕವರ್, ಅದರ ಮೇಲೆ ಪ್ಲಾಸ್ಟಿಕ್ ಶೀಟು, ಎರಡೂ ಬೇಕು. ಬರೀ ಬಟ್ಟೆಯಾದರೆ ಬಣ್ಣ ನೆನೆದು ಒಳಗಿಳಿಯುತ್ತದೆ. ಬರೀ ಪ್ಲಾಸ್ಟಿಕ್ ಬಿಸಿಲಿಗೆ ಬೆವತು ಮೈಗೆ ಅಂಟುತ್ತದೆ. ಕೆಳಗೆ ಹಗ್ಗದಿಂದ ಕಟ್ಟಿ. ಸಂಜೆ ತೆಗೆಯುವಾಗ ಶೀಟನ್ನು ಎಳೆಯಬೇಡಿ. ಬಣ್ಣ ಬಿದ್ದ ಮುಖ ಒಳಗಾಗುವಂತೆ ಇಬ್ಬರು ಎರಡು ಕಡೆಯಿಂದ ಹಿಡಿದು ಮಡಚುತ್ತ ಬನ್ನಿ.